ಮೈತ್ರಿ ನಿಪ್ಪಲ್ ಬಿಟ್ಟದ್ದು

ಸಗರ, ತಾ. ಶಹಾಪುರ
8 ಜನವರಿ 2025

ಪರಿಮಳಾ,

ಜೈಭೀಮ್. ನೀನು ಮೊದಲು ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸು ಉಂಡಿದೆ, ಆಡಿದೆ, ಮಲಗಿದೆ. ನೀನು ಬಸ್ಸು ಹತ್ತಿದ ದಿನ ಮೈತ್ರಿ ಸಂಜೆಯವರೆಗೆ ಬಾಗಿಲ ಕಡೆ ನೋಡಿದಳು. ಮರುದಿನ ಮಧ್ಯಾಹ್ನದವರೆಗೆ ನೋಡಿದಳು. ಮೂರನೆಯ ದಿನ ಪಕ್ಕದ ಮನೆಯ ಮದೀನಾಬೀಯ ಕೋಳಿ ಮರಿ ಮಾಡಿತು, ಅದನ್ನು ನೋಡಲು ಹೋದಳು.

ಪೊಲೀಸ್ ಟ್ರೇನಿಂಗಿನಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರೆ, ಭಾನುವಾರ ಹದಿನೈದು ನಿಮಿಷ ಮಾತ್ರ ಕೊಡುತ್ತಾರೆ ಎಂದು ನೀನು ಬೇಜಾರು ಮಾಡಿಕೊಂಡಿದ್ದೆ. ನನಗೇನೂ ವ್ಯತ್ಯಾಸವಿಲ್ಲ. ಎದುರು ನಿಂತವರ ಮಾತು ಕಿವಿಯ ಯಂತ್ರ ಹಾಕಿಕೊಂಡರೆ ಕೇಳುತ್ತದೆ. ಫೋನಿನದು ನಾಲ್ಕು ವರ್ಷದಿಂದ ಬರೀ ಗುಂಯ್ ಎನ್ನುತ್ತದೆ. ಆದ್ದರಿಂದ ಕಾಗದವೇ ಸರಿ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪತ್ರಲೇಖನ ಕಲಿಸಿದೆ, ಬರೆಯಲು ಮಾತ್ರ ಯಾರೂ ಇರಲಿಲ್ಲ. ಮರಿಲಿಂಗ ಕಾಶ್ಮೀರದ ಸುರಂಗದ ಕೆಲಸದೊಳಗಿಂದ ತಾಯಿಗೆ ಕಾಗದ ಬರೆಯುವ ಪೈಕಿಯಲ್ಲ, ಹೆಂಡತಿಯಾದ ನಿನಗೂ ಅದು ಗೊತ್ತು.

ಇನ್ನು ನಿಪ್ಪಲ್. ಶಹಾಪುರದ ಮಕ್ಕಳ ಡಾಕ್ಟರು ಹೇಳಿದ್ದು ನಿನಗೆ ನೆನಪಿದೆ. ಎರಡು ವರ್ಷ ನಾಲ್ಕು ತಿಂಗಳಾಯಿತು, ಮೇಲಿನ ಹಲ್ಲು ಮುಂದಕ್ಕೆ ಬರುತ್ತಿವೆ, ಸದಾ ಬಾಯಲ್ಲಿ ರಬ್ಬರು ಇದ್ದರೆ ಮಾತು ಎಲ್ಲಿಂದ ಬರಬೇಕು ಅಂದರು. ಅವಳ ಮಾತು ಎಣಿಸಿದೆ. ಐದು. ಆಯಿ (ನಾನು), ಅವ್ವ, ಹಾಲು, ಬ್ಯಾಡ, ಬುರ್ (ಬಸ್ಸು).

ಹಗಲಿನ ನಿಪ್ಪಲ್ ನಿಂತಿದೆ. ಮಲಗುವ ಹೊತ್ತಿನದು ಉಳಿದಿದೆ. ಮದೀನಾಬೀ ಬಂದು, "ಅಕ್ಕೋರ, ಬೇವಿನೆಲಿ ಅರದು ಹಚ್ಚ್ರಿ, ಒಂದ ದಿನದಾಗ ಬಿಡ್ತಾಳ" ಅಂದಳು. ಹಚ್ಚಿದೆ. ಮೈತ್ರಿ ಬಾಯಿಗಿಟ್ಟುಕೊಂಡಳು, ಮುಖ ಹಿಂಡಿದಳು, ನಿಪ್ಪಲನ್ನು ತೆಗೆದು ನನ್ನ ಸೆರಗಿಗೆ ಚೆನ್ನಾಗಿ ಒರೆಸಿದಳು, ಮತ್ತೆ ಇಟ್ಟುಕೊಂಡಳು. ಬುದ್ಧಿ ಇದೆ.

ನಿನ್ನ ಅವ್ವ ಕೂಸನ್ನು ವಡಗೇರಾಕ್ಕೆ ಕಳಿಸು ಅಂದಾಗ ನಾನೇ ಕೇಳಿ ಇಟ್ಟುಕೊಂಡವಳು. ಈ ಕೆಲಸ ನಾನು ಮುಗಿಸುತ್ತೇನೆ. ನೀನು ಓಡುವುದನ್ನು ನೋಡಿಕೋ.

ದೇವಕಮ್ಮ

ತರಬೇತಿ ಕೇಂದ್ರ, ಬೆಳಗಾವಿ ಜಿಲ್ಲೆ
19 ಜನವರಿ 2025

ಅತ್ತೆಯವರಿಗೆ,

ಜೈಭೀಮ್. ನಿಮ್ಮ ಕಾಗದ ಗುರುವಾರ ಸಿಕ್ಕಿತು. ಇಲ್ಲಿ ನಾಲ್ಕೂವರೆಗೆ ಏಳುತ್ತೇವೆ. ಐದಕ್ಕೆ ಓಟ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಎಲ್ಲರದ್ದೂ ಆಗುತ್ತದಂತೆ. ನನ್ನ ಪಕ್ಕದ ಮಂಚದ ದಾನೇಶ್ವರಿಗೂ ಒಂದು ಮಗುವಿದೆ. ಅವಳು ಮೊದಲ ವಾರ ದಿನಾ ಅತ್ತಳು. ನಾನು ಅಳಲಿಲ್ಲ. ಗಟ್ಟಿ ಹೆಣ್ಣು ಎಂದು ಎಲ್ಲರೂ ಹೇಳುತ್ತಾರೆ.

ನಿಪ್ಪಲನ್ನು ಒಮ್ಮೆಲೇ ಕಸಿಯಬೇಡಿ ಅತ್ತೆ. ನಿದ್ದೆಗೆ ಅವಳಿಗೆ ಅದೊಂದೇ ಆಧಾರ. ನಾನು ಅಂಗಡಿ ಕೆಲಸಕ್ಕೆ ಹೋಗುವಾಗ ಎಂಟು ತಿಂಗಳಿಗೇ ಎದೆಹಾಲು ಬಿಡಿಸಿದೆ, ಆಗ ಬಾಯಿಗೆ ಕೊಟ್ಟದ್ದು ಅದು. ಸ್ವಲ್ಪ ಸ್ವಲ್ಪವಾಗಿ ಬಿಡಿಸಿ. ಅಳಿಸಬೇಡಿ.

ಭಾನುವಾರ ಮದೀನಾಬೀಯ ಫೋನಿಗೆ ಮಾಡಿದ್ದೆ. ಮೈತ್ರಿ ಫೋನನ್ನು ಕಿವಿಗೆ ಇಟ್ಟುಕೊಳ್ಳದೆ ತಿರುಗಿಸಿ ತಿರುಗಿಸಿ ನೋಡಿದಳಂತೆ. ಅವಳು ನನ್ನನ್ನು ಕೇಳುತ್ತಾಳೆಯೇ? ಕೇಳದಿದ್ದರೆ ಅದನ್ನು ಬರೆಯಬೇಡಿ.

ಪರಿಮಳಾ

ಸಗರ
28 ಜನವರಿ 2025

ಪರಿಮಳಾ,

ಸ್ವಲ್ಪ ಸ್ವಲ್ಪವಾಗಿಯೇ ಬಿಡಿಸಿದೆ. ನಿಪ್ಪಲಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿದೆ. ಗಾಳಿ ಹೋದ ಮೇಲೆ ಚೀಪಿದರೆ ಏನೂ ಸಿಗುವುದಿಲ್ಲ. ಅವಳು ಎರಡು ಸಲ ಚೀಪಿ, ತೆಗೆದು, ದೀಪದ ಕಡೆ ಹಿಡಿದು ನೋಡಿ, "ಆಯಿ, ಹೋತು" ಅಂದಳು. ಆರನೆಯ ಮಾತು. ಆ ತುಂಡನ್ನು ಅವಳ ಕೈಯಿಂದಲೇ ಒಲೆಗೆ ಹಾಕಿಸಿದೆ. ಮುಗಿಯಿತು ಎಂದುಕೊಂಡೆ.

ಮರುದಿನ ಸಂಜೆ ಅವಳ ಬಾಯಲ್ಲಿ ಇನ್ನೊಂದು ಇತ್ತು. ಮೊದಲಿನದು ಗುಲಾಬಿ, ಇದು ನೀಲಿ. ಕತ್ತರಿಸಿದೆ. ಎರಡು ದಿನ ಬಿಟ್ಟು ಹಸಿರು ಬಂತು. ಮದೀನಾಬೀಯನ್ನು ಕೇಳಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನಂಗೇನ್ ಗೊತ್ತ್ರಿ ಅಕ್ಕೋರ, ಕೂಸು ಎಲ್ಲಿಂದರ ಆರಿಸ್ಕೊಂಡಿರ್ಬೇಕು" ಅಂದಳು. ಸುಳ್ಳು ಹೇಳುವ ಮಕ್ಕಳನ್ನು ಸಾಲಾಗಿ ಕೂರಿಸಿ ಬದುಕಿದವಳು ನಾನು. ಆದರೂ ಮುಂದೆ ಕೇಳಲಿಲ್ಲ. ಹಸಿರನ್ನೂ ಕತ್ತರಿಸಿದೆ.

ನಿನ್ನೆ ನಿಪ್ಪಲ್ ಇಲ್ಲದ ಮೊದಲ ರಾತ್ರಿ. ಒಂದು ತಾಸು ಹತ್ತು ನಿಮಿಷ ಅತ್ತಳು. ಅಳಿಸಬೇಡಿ ಎಂದು ನೀನು ಬರೆದದ್ದು ನೆನಪಿತ್ತು, ಆದರೆ ಅಳದೆ ಯಾರೂ ಏನನ್ನೂ ಬಿಟ್ಟಿಲ್ಲ. ಕಿವಿಯ ಯಂತ್ರ ತೆಗೆದಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ತೆಗೆಯಲಿಲ್ಲ. ಕೂಸನ್ನು ಅಳಲು ಬಿಟ್ಟವರು ಪೂರ್ತಿ ಕೇಳಬೇಕು, ಅಷ್ಟಾದರೂ ನ್ಯಾಯ.

ನಿನ್ನನ್ನು ಕೇಳುತ್ತಾಳೆ. ಬಸ್ಸಿನ ಸದ್ದು ಬಂದಾಗ.

ದೇವಕಮ್ಮ

ತರಬೇತಿ ಕೇಂದ್ರ
4 ಫೆಬ್ರವರಿ 2025

ಅತ್ತೆಯವರಿಗೆ,

ಚಿಕ್ಕ ಕಾಗದ, ಸಮಯವಿಲ್ಲ. ನಾಳೆ ಲಾಠಿ ಕವಾಯತಿನ ಪರೀಕ್ಷೆ.

ಒಂದು ತಾಸು ಹತ್ತು ನಿಮಿಷ ಎಂದು ಬರೆದಿದ್ದೀರಿ. ನಾನು ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ನೀವು ಎತ್ತಿಕೊಂಡಿರೋ ಇಲ್ಲವೋ ಬರೆದಿಲ್ಲ. ಈಗ ಹೇಗಿದ್ದಾಳೆ, ಕೂಡಲೇ ತಿಳಿಸಿ.

ಪರಿಮಳಾ

ಸಗರ
10 ಫೆಬ್ರವರಿ 2025

ಪರಿಮಳಾ,

ಎತ್ತಿಕೊಂಡಿದ್ದೆ.

ನಿಪ್ಪಲ್ ಇಲ್ಲದೆ ಇಂದಿಗೆ ಹದಿನಾಲ್ಕು ರಾತ್ರಿ. ಮೊದಲೆರಡು ರಾತ್ರಿ ಅತ್ತಳು. ಮೂರನೆಯ ರಾತ್ರಿಯಿಂದ ಅವಳು ಅತ್ತದ್ದನ್ನು ನಾನು ಕೇಳಿಲ್ಲ. ಬೇರೆ ನಿಪ್ಪಲ್ ಎಲ್ಲಿಂದಲೂ ಬಂದಿಲ್ಲ.

ಒಂಬತ್ತು ಮಾತು ಆಗಿವೆ. ರೊಟ್ಟಿಗೆ "ಒಟ್ಟಿ" ಅನ್ನುತ್ತಾಳೆ.

ಇಲ್ಲಿ ಬೇರೆ ವಿಶೇಷವಿಲ್ಲ. ಹಾಲು ಎರಡು ದಿನ ಉಕ್ಕಿ ಹೋಯಿತು. ಅಂಚೆಯವನು ಬಾಗಿಲು ಬಡಿದು ಬಡಿದು ನಿನ್ನ ಕಾಗದವನ್ನು ಕಿಟಕಿಯಿಂದ ಎಸೆದು ಹೋಗಿದ್ದಾನೆ. ಬಿಸಿಲು ಈಗಲೇ ಶುರುವಾಗಿದೆ. ಲಾಠಿಯ ಪರೀಕ್ಷೆ ಏನಾಯಿತು?

ದೇವಕಮ್ಮ

ತರಬೇತಿ ಕೇಂದ್ರ
17 ಫೆಬ್ರವರಿ 2025

ಅತ್ತೆಯವರಿಗೆ,

ನಿಮ್ಮ ಹತ್ತನೆಯ ತಾರೀಖಿನ ಕಾಗದ ಶನಿವಾರ ಬಂತು. ಓದಿ ಸಂತೋಷಪಟ್ಟೆ. ಮೂರೇ ದಿನದಲ್ಲಿ ಬಿಟ್ಟಳು ಎಂದು ದಾನೇಶ್ವರಿಗೂ ಓದಿ ಹೇಳಿದೆ. ಹಾಗೆಯೇ ನನ್ನನ್ನೂ ಮೂರು ದಿನದಲ್ಲಿ ಬಿಟ್ಟಿರಬಹುದು ಅನ್ನಿಸಿತು, ಅದನ್ನು ಅವಳಿಗೆ ಹೇಳಲಿಲ್ಲ.

ನಿನ್ನೆ ಭಾನುವಾರ ಮದೀನಾಬೀಗೆ ಫೋನ್ ಮಾಡಿದೆ. ಮೈತ್ರಿ ಬಲು ಶಾಣ್ಯಾ ಆಗ್ಯಾಳಂತಲ್ಲ ಅಂದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಪರಿಮಳಾ, ಸಿಟ್ಟಾಗಬ್ಯಾಡ. ಅಕ್ಕೋರ ಕಿವಿ ಮಶೀನು ಕೆಟ್ಟಾದ. ಯಾರಿಗೂ ಹೇಳಿಲ್ಲ ಅವ್ರು. ಕೂಸು ರಾತ್ರಿ ಅಳ್ತಿತ್ತು, ನಂಗ ಈ ಕಡಿ ಕೇಳ್ತಿತ್ತು. ನಾ ಗೋಡಿ ಬಡಿದೆ. ಗೋಡಿ ಬಡಿದ್ರ ಅಕ್ಕೋರಿಗೆ ಎಲ್ಲಿ ಕೇಳ್ಬೇಕು? ಹೊರಗ ಬಂದು ಬಾಗಲಾ ಬಡಿದೆ. ಒಳಗಿಂದ ಚಿಲಕ ಹಾಕಿತ್ತು."

"ಅವಳು ಅತ್ತದ್ದನ್ನು ನಾನು ಕೇಳಿಲ್ಲ" ಎಂದು ಬರೆದಿದ್ದೀರಿ. ಆ ಸಾಲನ್ನು ಈಗ ಬೇರೆ ಥರ ಓದಬೇಕಾಗಿದೆ.

ನನ್ನ ಮಗಳು ಚಿಲಕ ಹಾಕಿದ ಮನೆಯಲ್ಲಿ, ಕಿವಿ ಕೇಳದವರ ಪಕ್ಕದಲ್ಲಿ, ತಾನಾಗಿಯೇ ಅತ್ತು ತಾನಾಗಿಯೇ ಸುಮ್ಮನಾಗುವುದನ್ನು ಕಲಿತಿದ್ದಾಳೆ. ಇದನ್ನು ನೀವು ನಿಪ್ಪಲ್ ಬಿಟ್ಟಳು ಎಂದು ಲೆಕ್ಕ ಹಾಕಿದ್ದೀರಿ. ಬೆಂಕಿಯೋ ಚೇಳೋ ಆಗಿದ್ದರೆ? ನಾನು ಇಲ್ಲಿ ಮೈದಾನ ಸುತ್ತುತ್ತಿದ್ದೆ.

ಟ್ರೇನಿಂಗ್ ಬಿಡುವ ಅರ್ಜಿಯ ನಮೂನೆ ತಂದಿಟ್ಟುಕೊಂಡಿದ್ದೇನೆ. ನಿಮ್ಮ ಉತ್ತರ ನೋಡಿ ತುಂಬುತ್ತೇನೆ.

ಪರಿಮಳಾ

ತರಬೇತಿ ಕೇಂದ್ರ
28 ಫೆಬ್ರವರಿ 2025

ಅತ್ತೆಯವರಿಗೆ,

ಹನ್ನೊಂದು ದಿನವಾಯಿತು, ಉತ್ತರವಿಲ್ಲ. ಕಳೆದ ಭಾನುವಾರ ಮದೀನಾಬೀಯ ಮಗಳು ಗುಲ್ನಾಜ್ ಫೋನ್ ಎತ್ತಿದಳು. ಕೂಸು ಚೆನ್ನಾಗಿದೆ, ಈಗ ತಾನು ರಾತ್ರಿ ನಿಮ್ಮ ಮನೆಯಲ್ಲೇ ಮಲಗುತ್ತೇನೆ ಎಂದಳು. ನೀವೇ ಕೇಳಿಕೊಂಡಿರಂತೆ. ಬೇರೇನೂ ಹೇಳಲಿಲ್ಲ.

ನಾನೂ ಒಂದು ಹೇಳಬೇಕು. ಹೊರಡುವ ಹಿಂದಿನ ದಿನ ಮೂರು ನಿಪ್ಪಲ್ ಕೊಂಡು ಮದೀನಾಬೀಯ ಕೈಗೆ ಕೊಟ್ಟಿದ್ದೆ. ನೀಲಿ, ಹಸಿರು, ಕೆಂಪು. "ನಮ್ಮ ಅತ್ತಿಗಿ ಹೇಳಬ್ಯಾಡ, ಕೂಸು ಭಾಳ ಅತ್ರ ಕೊಡು" ಅಂದಿದ್ದೆ. ಕೆಂಪು ಇನ್ನೂ ಅವಳ ಹತ್ತಿರ ಇರಬೇಕು. ನೀವು ಬಿಡಿಸುತ್ತೀರಿ ಎಂದು ನನಗೆ ಗೊತ್ತಿತ್ತು. ನೀವು ಬಿಡಿಸುವುದೂ ಬೇಕಿತ್ತು, ಬಿಡಿಸದಿರುವುದೂ ಬೇಕಿತ್ತು. ಮದೀನಾಬೀ ನಿಮಗೆ ಸುಳ್ಳು ಹೇಳಿದ್ದು ನನ್ನಿಂದ.

ಅರ್ಜಿ ತುಂಬಿಲ್ಲ. ಬರೆಯಿರಿ.

ಪರಿಮಳಾ

ಸಗರ
6 ಮಾರ್ಚ್ 2025

ಪರಿಮಳಾ,

ನಿನ್ನ ಎರಡೂ ಕಾಗದ ಬಂದಿವೆ. ಮೊದಲನೆಯದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ನಾಲ್ಕರಲ್ಲಿಯೂ ನನ್ನ ತಪ್ಪು ನಡೆದದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು. ಇದು ಐದನೆಯದು.

ಜನವರಿ 29, ಬುಧವಾರ. ತಲೆ ಬಾಚಿಕೊಳ್ಳಲು ಯಂತ್ರವನ್ನು ತೆಗೆದು ಕಟ್ಟೆಯ ಮೇಲಿಟ್ಟೆ. ಕೂಸು ಅದನ್ನು ನೀರಿನ ಕೊಡದೊಳಗೆ ಬಿಟ್ಟಿತು. ನಾನು ಹುಡುಕಿ ತೆಗೆಯುವ ಹೊತ್ತಿಗೆ ಕಾಲು ತಾಸಾಗಿತ್ತು. ಬಿಸಿಲಿಗಿಟ್ಟೆ, ಅಕ್ಕಿಯಲ್ಲಿ ಹೂತಿಟ್ಟೆ. ಮರುದಿನ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಯಾದಗಿರಿಗೆ ಹೋದೆ. ರಿಪೇರಿಯವನು ಅದನ್ನು ಬಿಚ್ಚಿ ನೋಡಿ, ಏನೋ ಹೇಳಿ, ನನಗೆ ಕೇಳಿಸಲಿಲ್ಲವೆಂದು ತಿಳಿದು ಚೀಟಿಯ ಮೇಲೆ ಬರೆದ: "ಇದು ಮುಗೀತ್ರಿ ಅಮ್ಮ."

ಅಂದೇ ನಿನಗೆ ಬರೆಯಬೇಕಿತ್ತು. ಬರೆದರೆ ಕೂಸನ್ನು ವಡಗೇರಾಕ್ಕೆ ಕಳಿಸುತ್ತೀ ಎಂದು ಬರೆಯಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದೆ, ಇಲ್ಲ.

ಆ ದಿನಗಳಲ್ಲಿ ಮೈತ್ರಿಯನ್ನು ಪಕ್ಕದಲ್ಲಿ ಮಲಗಿಸಿ ತಟ್ಟುತ್ತಿದ್ದೆ. ಅವಳ ಕಣ್ಣು ಮುಚ್ಚುತ್ತಿತ್ತು, ನನ್ನದೂ ಮುಚ್ಚುತ್ತಿತ್ತು. ಬೆಳಿಗ್ಗೆ ಪಕ್ಕದಲ್ಲೇ ಇರುತ್ತಿದ್ದಳು. ಬಿಟ್ಟಳು ಎಂದೇ ನಂಬಿದ್ದೆ. ನಂಬುವುದು ಅನುಕೂಲವಾಗಿತ್ತು.

ಫೆಬ್ರವರಿ 4. ನೀರು ಕುಡಿಯಲು ಎದ್ದು ದೀಪ ಹಾಕಿದೆ. ಕೂಸು ಹಾಸಿಗೆಯಲ್ಲಿರಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಕೂತಿತ್ತು. ಬಾಯಿ ಪೂರ್ತಿ ತೆರೆದಿತ್ತು. ಕುತ್ತಿಗೆಯ ನರ ಉಬ್ಬಿದ್ದವು. ಮೂಗು, ಗಲ್ಲ, ಅಂಗಿಯ ಎದೆ ಎಲ್ಲ ಒದ್ದೆ. ಮನೆಯೊಳಗೆ ಮಾತ್ರ ಒಂದು ಸದ್ದೂ ಇರಲಿಲ್ಲ. ನಾನು ಒಂದು ಕ್ಷಣ ನೋಡುತ್ತ ನಿಂತೆ, ಏಕೆಂದರೆ ಅದು ಏನು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಎಷ್ಟು ಹೊತ್ತಿನಿಂದ, ಎಷ್ಟು ರಾತ್ರಿಯಿಂದ ಎಂಬುದು ಇಂದಿಗೂ ತಿಳಿದಿಲ್ಲ.

ಎತ್ತಿಕೊಂಡು ಅವಳ ಎದೆಯ ಮೇಲೆ ಅಂಗೈ ಇಟ್ಟೆ. ಅಳು ಅಲ್ಲಿತ್ತು. ಕೈಗೆ ಚೆನ್ನಾಗಿ ಸಿಕ್ಕಿತು. ಜೋರಿನದು ಬೇರೆ, ಬಿಕ್ಕುವುದು ಬೇರೆ, ನಿಲ್ಲುವ ಮೊದಲು ಬರುವ ಉದ್ದನೆಯದು ಬೇರೆ. ಕಿವಿಯಿಂದ ಇಷ್ಟು ವ್ಯತ್ಯಾಸ ನಾನು ಎಂದೂ ಕೇಳಿರಲಿಲ್ಲ. ಅಂದಿನಿಂದ ನನ್ನ ಅಂಗೈ ಅವಳ ಎದೆಯ ಮೇಲೆ ಇಟ್ಟೇ ಮಲಗುತ್ತೇನೆ. ಸೆರಗಿನ ತುದಿಯನ್ನು ಅವಳ ಕೈಗೆ ಸಡಿಲವಾಗಿ ಕಟ್ಟುತ್ತೇನೆ. ಅವಳು ಎದ್ದರೆ ನಾನು ಏಳುತ್ತೇನೆ.

ಅವಳಿಗೂ ಏನೋ ಗೊತ್ತಾಗಿದೆ. ಈಗ ಅಳುವುದಿಲ್ಲ, ನನ್ನ ಗಲ್ಲ ತಟ್ಟುತ್ತಾಳೆ. ನಾನು ಕಣ್ಣು ತೆರೆದ ಮೇಲೆ ಬಾಯಿ ಅಗಲಿಸಿ ನಿಧಾನವಾಗಿ "ಆ-ಯಿ, ನೀ-ರು" ಅನ್ನುತ್ತಾಳೆ. ಒಂದೊಂದು ಅಕ್ಷರವನ್ನು ನನಗೆ ತೋರಿಸುತ್ತಾಳೆ. ಹೀಗೆ ಹದಿನೇಳು ಮಾತು ಆಗಿವೆ.

ಹತ್ತನೆಯ ತಾರೀಖಿನ ಕಾಗದ ಬರೆಯುವಾಗ ನನಗೆ ಇದೆಲ್ಲ ಗೊತ್ತಿತ್ತು. "ಕೇಳಿಲ್ಲ" ಎಂದು ಬರೆದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಅಷ್ಟೇ.

ಮದೀನಾಬೀ ನಿನಗೆ ಹೇಳಿದಳೆಂದು ನಿನ್ನ ಕಾಗದದಿಂದ ತಿಳಿಯಿತು. ಅವಳ ಮನೆಗೆ ಹೋದೆ. ಅವಳು ಹೆದರಿ ಎದ್ದು ನಿಂತಳು. ಕೆಂಪು ನಿಪ್ಪಲ್ ತೆಗೆದು ನನ್ನ ಮುಂದಿಟ್ಟು ಅತ್ತಳು. ನಾನು ಗುಲ್ನಾಜಳನ್ನು ರಾತ್ರಿ ಕಳಿಸು, ಓದಲು ನಮ್ಮ ಮನೆಯಲ್ಲಿ ಜಾಗವಿದೆ ಎಂದು ಕೇಳಿದೆ. ಈಗ ರೋಜಾ. ಬೆಳಗಿನ ಜಾವ ಸಹರಿಯ ಊಟಕ್ಕೆ ತಾಯಿ ಮಗಳು ಎದ್ದಾಗ ಇಬ್ಬರೂ ಒಮ್ಮೊಮ್ಮೆ ಕೂಸನ್ನು ನೋಡಿ ಹೋಗುತ್ತಾರೆ.

ಕೂಸನ್ನು ವಡಗೇರಾಕ್ಕೆ ಕಳಿಸು ಎಂದು ನೀನು ಹೇಳಿದರೆ ತಡೆಯುವುದಿಲ್ಲ. ಆ ಹಕ್ಕು ನಾನೇ ಕಳೆದುಕೊಂಡೆ. ಅರ್ಜಿಯನ್ನು ಮಾತ್ರ ತುಂಬಬೇಡ. ನಮ್ಮ ಓಣಿಯಿಂದ ಪೊಲೀಸ್ ಬಟ್ಟೆ ಹಾಕಿದ ಹೆಣ್ಣು ಇನ್ನೂ ಯಾರೂ ಇಲ್ಲ.

ದೇವಕಮ್ಮ

ತರಬೇತಿ ಕೇಂದ್ರ
17 ಮಾರ್ಚ್ 2025

ಅತ್ತೆಯವರಿಗೆ,

ಇಲ್ಲಿ ನಮಗೆ ವರದಿ ಬರೆಯುವುದನ್ನು ಕಲಿಸುತ್ತಿದ್ದಾರೆ. ಏನಾಯಿತು, ಎಲ್ಲಿ, ಯಾವಾಗ, ಯಾರು ನೋಡಿದರು. ಬರೆಯುವವರಿಗೆ ಏನು ಅನ್ನಿಸಿತು ಎಂಬುದು ಅದರಲ್ಲಿ ಬರಕೂಡದು. ನಿಮ್ಮ ಕಾಗದ ಒಳ್ಳೆಯ ವರದಿಯಾಗಿತ್ತು. ನಾನೂ ಹಾಗೆಯೇ ಬರೆಯುತ್ತೇನೆ.

ಅರ್ಜಿ ಹರಿದು ಹಾಕಿದ್ದೇನೆ. ಜಯಂತಿಗೆ ಸೇರಿಸಿ ಏಪ್ರಿಲ್ 12ರಿಂದ 14ರವರೆಗೆ ಮೂರು ದಿನ ರಜೆ ಕೊಟ್ಟಿದ್ದಾರೆ. ಊರಿಗೆ ಬರುತ್ತೇನೆ. 14ರ ಮಧ್ಯಾಹ್ನ ಹೊರಡುವಾಗ ಮೈತ್ರಿಯನ್ನು ಕರೆದುಕೊಂಡು ಹೋಗುತ್ತೇನೆ. ಅವ್ವ ಶಹಾಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ, ಅಲ್ಲಿಂದ ಅವಳನ್ನು ವಡಗೇರಾಕ್ಕೆ ಕರೆದೊಯ್ಯುತ್ತಾಳೆ. ಟ್ರೇನಿಂಗ್ ಮುಗಿಯುವವರೆಗೆ ಅಲ್ಲಿರಲಿ.

ನೀವು ಎದೆಯ ಮೇಲೆ ಕೈಯಿಟ್ಟದ್ದನ್ನು ಓದಿದೆ. ಆದರೆ ಅದು ಫೆಬ್ರವರಿ 4ರ ನಂತರದ ಮಾತು. ಅದಕ್ಕೆ ಹಿಂದಿನ ಆರು ರಾತ್ರಿ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಪರಿಮಳಾ

ಸಗರ
26 ಮಾರ್ಚ್ 2025

ಪರಿಮಳಾ,

ಆಗಲಿ.

ಸುರಪುರದಲ್ಲಿ ಕಿವಿ ತಪಾಸಣೆಯ ಶಿಬಿರ ನಡೆದಿತ್ತು. ಹೋಗಿ ಅಳತೆ ಕೊಟ್ಟು ಬಂದಿದ್ದೆ, ನಿನ್ನೆ ಹೊಸ ಯಂತ್ರ ಬಂದಿದೆ. ಹಳೆಯದಕ್ಕಿಂತ ಚೆನ್ನಾಗಿ ಕೇಳುತ್ತದೆ. ಮೈತ್ರಿಯ ದನಿ ನಾನು ತಿಳಿದುಕೊಂಡದ್ದಕ್ಕಿಂತ ದಪ್ಪ ಇದೆ. ಇದನ್ನು ನಿನ್ನ ನಿರ್ಧಾರ ಬದಲಿಸಲಿ ಎಂದು ಬರೆಯುತ್ತಿಲ್ಲ.

ನಿನ್ನ ಅವ್ವನಿಗೆ ಗೊತ್ತಿರಬೇಕಾದ ಮಾತು ಕೆಲವಿವೆ, ಅವರಿಗೆ ಓದಿ ಹೇಳು. ಮಲಗುವ ಮೊದಲು ಹಾಲು ಕೊಡಬೇಕು, ಆಮೇಲೆ ಬಾಯಿ ಒರೆಸಬೇಕು, ಒರೆಸದಿದ್ದರೆ ಮಲಗುವುದಿಲ್ಲ. ಕೌದಿಯ ಹಸಿರು ಅಂಚು ಗಲ್ಲದ ಕಡೆ ಬರಬೇಕು. ಕತೆ ಬೇಕಾಗಿಲ್ಲ, ಮನೆಯಲ್ಲಿರುವವರ ಹೆಸರು ಹೇಳುತ್ತ ಹೋದರೆ ಸಾಕು: ಆಯಿ ಮಲಗ್ಯಾಳ, ಕೋಳಿ ಮಲಗ್ಯಾದ, ಗುಲ್ನಾಜ್ ಅಕ್ಕ ಮಲಗ್ಯಾಳ. ನಿನ್ನ ಹೆಸರು ಕೊನೆಗೆ ಹೇಳುತ್ತೇವೆ. "ಅವ್ವ ಓಡಾಕತ್ತ್ಯಾಳ" ಅಂತ. ಆಮೇಲೆ ಎದೆಯ ಮೇಲೆ ಅಂಗೈ ಇಟ್ಟು ಎರಡು ಸಲ ಮೆಲ್ಲಗೆ ತಟ್ಟಬೇಕು. ಹೆಚ್ಚು ತಟ್ಟಿದರೆ ಕೈ ತೆಗೆದು ಹಾಕುತ್ತಾಳೆ. ಕೈ ಭಾರ ಬಿಡಬಾರದು.

ಅವರು ನಿಪ್ಪಲ್ ಕೊಡದಿರಲಿ. ಹೊಸ ಜಾಗದಲ್ಲಿ ಕೇಳಿಯಾಳು, ಕೊಡುವ ಮನಸ್ಸಾದೀತು. ಐವತ್ತೆಂಟು ದಿನ ಆಗಿದೆ.

ಬಟ್ಟೆ ಗಂಟು ಕಟ್ಟಿಟ್ಟಿರುತ್ತೇನೆ.

ದೇವಕಮ್ಮ

ಸಗರ
17 ಏಪ್ರಿಲ್ 2025

ಪರಿಮಳಾ,

ಗಂಟು ಇನ್ನೂ ಬಾಗಿಲ ಹತ್ತಿರವೇ ಇದೆ. ಬಿಚ್ಚಬೇಕೋ ಬೇಡವೋ ತಿಳಿಯದೆ ಅದರೊಳಗಿನಿಂದ ದಿನಕ್ಕೊಂದು ಅಂಗಿ ಎಳೆದು ಹಾಕುತ್ತಿದ್ದೇನೆ.

ಸೋಮವಾರ ಜಯಂತಿಯ ಮೆರವಣಿಗೆ ನೋಡಿ ಬಂದು ಉಂಡೆವು. ನೀನು ಚೀಲ ಹೆಗಲಿಗೆ ಹಾಕಿಕೊಂಡೆ. ನಾನು ಕೂಸಿಗೆ ಚಪ್ಪಲಿ ಹಾಕಿ ನಿಲ್ಲಿಸಿದ್ದೆ. ನೀನು ಅವಳ ಚಪ್ಪಲಿ ಬಿಚ್ಚಿ, ಕಟ್ಟೆಯ ಮೇಲಿಟ್ಟು, ಒಬ್ಬಳೇ ಬಸ್ಸಿಗೆ ಹೋದೆ. ಒಂದು ಮಾತೂ ಹೇಳಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಆದರೆ ಆಗ ಯಂತ್ರ ಕಿವಿಯಲ್ಲೇ ಇತ್ತು, ಆದ್ದರಿಂದ ಹೇಳಲಿಲ್ಲ ಎಂದೇ ತಿಳಿದಿದ್ದೇನೆ.

ನಿನ್ನ ಅವ್ವ ಮದೀನಾಬೀಗೆ ಫೋನ್ ಮಾಡಿ, "ಕೂಸಿನ್ನ ತರ್ತೀನಂತ ನನ್ನ ಬಿಸಿಲಾಗ ಎರಡ ತಾಸ ನಿಲ್ಲಿಸಿ, ಬರಿಗೈಲೆ ಬಂದು, ಬ್ಯಾರೆ ಬಸ್ ಹತ್ತಿ ಹೋದ್ಲು ನೋಡವ್ವ. ಕೇಳಿದ್ರ ಬಾಯಿ ಬಿಡವಲ್ಲಳು. ಆಕಿ ಅತ್ತಿ ಏನ ಮಾಡ್ಯಾಳ ಆಕಿಗಿ?" ಅಂದರಂತೆ. ನಾನು ಏನೂ ಮಾಡಿಲ್ಲ ಎಂದು ಹೇಳಿ ಕಳಿಸಿದೆ.

ಇನ್ನೊಂದು ಬರೆದುಬಿಡುತ್ತೇನೆ, ಇಲ್ಲವಾದರೆ ಅದೂ ಹತ್ತನೆಯ ತಾರೀಖಿನ ಕಾಗದದ ಹಾಗೆ ಆದೀತು. ನೀನು ಬಂದ ಶನಿವಾರ ಸಂಜೆ ಮೈತ್ರಿ ನಿನ್ನನ್ನು ಕಂಡು ನನ್ನ ಸೀರೆಯ ಹಿಂದೆ ನಿಂತಳು. ನೀನು ಕೈ ಚಾಚಿದೆ, ಅವಳು ಬರಲಿಲ್ಲ. ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಆಗ ನನಗೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು.

ಕೂಸನ್ನು ಯಾಕೆ ಬಿಟ್ಟು ಹೋದೆ ಎಂದು ನಾನು ಕೇಳುವುದಿಲ್ಲ. ಮತ್ತೆ ಬಂದು ಕರೆದೊಯ್ಯುವುದಾದರೆ ತಾರೀಖು ತಿಳಿಸು, ಗಂಟನ್ನು ಹಾಗೆಯೇ ಇಡುತ್ತೇನೆ.

ದೇವಕಮ್ಮ

ತರಬೇತಿ ಕೇಂದ್ರ
25 ಏಪ್ರಿಲ್ 2025

ಅತ್ತೆಯವರಿಗೆ,

ಅಂದು ನೀವು ಸಂತೋಷಪಟ್ಟದ್ದು ನನಗೆ ಗೊತ್ತಾಗಿತ್ತು. ಗೋಡೆಯ ಕಡೆ ಮುಖ ಮಾಡಿದ್ದು ಅದಕ್ಕೇ. ನಿಮ್ಮ ಜಾಗದಲ್ಲಿದ್ದರೆ ನನಗೂ ಆಗುತ್ತಿತ್ತು.

ಈಗ ನನ್ನದು. ಬರುವಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ನಿಪ್ಪಲ್ ಕೊಂಡಿದ್ದೆ. ಹಳದಿ. ಯಾಕೆ ಕೊಂಡೆ ಎಂದು ಆಗ ಯೋಚಿಸಲಿಲ್ಲ. ಶನಿವಾರ ರಾತ್ರಿ ಅವಳು ನನ್ನ ಹತ್ತಿರ ಬಾರದಿದ್ದಾಗ ಯಾಕೆಂದು ತಿಳಿಯಿತು. ಅದನ್ನು ಕೊಟ್ಟರೆ ಬರುತ್ತಾಳೆ, ಅಷ್ಟೇ. ಐವತ್ತೆಂಟು ದಿನ ಎಂದು ನೀವು ಬರೆದದ್ದು ನೆನಪಿತ್ತು, ಆ ಹೊತ್ತಿಗೆ ಎಪ್ಪತ್ತೈದೋ ಎಪ್ಪತ್ತಾರೋ ಆಗಿತ್ತು. ಆದರೂ.

ಭಾನುವಾರ ಬೆಳಿಗ್ಗೆ ನೀವು ಬಚ್ಚಲಿಗೆ ಹೋದಿರಿ. ಮೈತ್ರಿ ಹಿತ್ತಲಿನಲ್ಲಿ ಕೋಳಿಗೆ ಜೋಳ ಹಾಕುತ್ತಿದ್ದಳು. ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಗೈ ಬಿಚ್ಚಿದೆ. "ತಗೋ" ಅಂದೆ.

ಅವಳು ನೋಡಿದಳು. ಗುರುತಿತ್ತು. ಕೈಯಲ್ಲಿದ್ದ ಜೋಳವನ್ನು ಕೆಳಗೆ ಹಾಕಿ ಅದನ್ನು ತೆಗೆದುಕೊಂಡಳು. ಬಾಯಿಯ ಹತ್ತಿರದವರೆಗೂ ಒಯ್ದಳು. ನಾನು ಮೂರು ತಿಂಗಳಿನಿಂದ ಅಳದವಳು, ಆಗ ಯಾಕೋ ತಡೆಯಲಾಗಲಿಲ್ಲ. ಅವಳು ನನ್ನ ಮುಖ ನೋಡಿದಳು. ಅಳುವವರ ಬಾಯಿಯನ್ನು ಅವಳು ಬಹಳ ಗಮನವಿಟ್ಟು ನೋಡುತ್ತಾಳೆ, ಅದನ್ನು ನಿಮ್ಮಿಂದ ಕಲಿತಿರಬೇಕು. ಆಮೇಲೆ ನಿಪ್ಪಲನ್ನು ತಿರುಗಿಸಿ ನನ್ನ ಬಾಯಿಗೆ ಇಟ್ಟಳು. ಬೀಳದಂತೆ ಬೆರಳಿನಿಂದ ಒತ್ತಿದಳು. ಎದೆಯ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದಳು. ಮೂರನೆಯ ಸಲ ತಟ್ಟಲಿಲ್ಲ. ಕೋಳಿಯ ಕಡೆ ಹೋದಳು.

ನೀವು ಒದ್ದೆ ತಲೆಗೆ ಪಂಜೆ ಸುತ್ತಿಕೊಂಡು ಹೊರಗೆ ಬಂದಿರಿ. ನಾನು ಅದನ್ನು ಬಾಯಿಂದ ತೆಗೆದು ಕೈಯಲ್ಲಿ ಮುಚ್ಚಿಕೊಂಡೆ. "ಏನ ಹುಡುಕಾಕತ್ತಿ ಇಲ್ಲಿ?" ಅಂತ ಕೇಳಿ, ನನ್ನ ಉತ್ತರಕ್ಕೆ ಕಾಯದೆ ಒಲೆಯ ಕಡೆ ಹೋದಿರಿ. ನಾನು ನಿಮ್ಮ ಬೆನ್ನಿಗೆ ಒಂದು ಮಾತು ಹೇಳಿದೆ. ಯಂತ್ರ ಒಳಗೆ ಗೂಡಿನಲ್ಲಿತ್ತು, ನಿಮಗೆ ಕೇಳಿಸಲಿಲ್ಲ. ಮರುದಿನ ಚಪ್ಪಲಿ ಬಿಚ್ಚುವಾಗ ಅದನ್ನೇ ಮತ್ತೆ ಹೇಳಲು ಧೈರ್ಯ ಸಾಲಲಿಲ್ಲ. ಈಗ ಬರೆಯುತ್ತಿದ್ದೇನೆ, ನೀವೂ ಬರಹದಲ್ಲೇ ಓದಿಕೊಳ್ಳಿರಿ.

"ಅತ್ತಿ, ಕೂಸು ನಿಮ್ಮ ಹತ್ರಾನ ಇರ್ಲಿ" ಅಂದಿದ್ದೆ.

ಪರಿಮಳಾ